ಎಡೆದೊರೆ ನಾಡು ಮತ್ತು ವಿಶ್ವವಿದ್ಯಾಲಯ: ಮಸ್ಕಿಯ ಶಾಸನದಿಂದ ರಾಯಚೂರಿನ ನಿಕಾಯಗಳವರೆಗೆ

ಕೃಷ್ಣೆ ಮತ್ತು ತುಂಗಭದ್ರೆಯರ ನಡುವಣ ನೆಲವನ್ನು ಪ್ರಾಚೀನ ಶಾಸನಗಳು ಎಡೆದೊರೆ ನಾಡು ಎಂದು ಕರೆದಿವೆ. ಅನಂತರದ ಆಡಳಿತ ಭಾಷೆಯಲ್ಲಿ ಅದು ರಾಯಚೂರು ದೋಆಬ್ ಆಯಿತು. ಲಿಂಗಸುಗೂರು, ಮಸ್ಕಿ, ಸಿಂಧನೂರು ಈ ನಾಡಿನ ನಡುಭಾಗದಲ್ಲಿ ಒಂದರ ಪಕ್ಕದಲ್ಲೊಂದು ಇರುವ ಮೂರು ಊರುಗಳು. ಈ ಮೂರರಲ್ಲಿ ಯಾವುದೂ ವಿಶ್ವವಿದ್ಯಾಲಯದ ಕೇಂದ್ರಸ್ಥಾನವಾಗಿಲ್ಲ. ಆದರೆ ಒಂದು ಶತಮಾನಕ್ಕೂ ಮೀರಿದ ಅವಧಿಯಲ್ಲಿ ಇವುಗಳ ಬಂಡೆ, ಬೂದಿ, ಚಿನ್ನ, ಮಣ್ಣು, ನೀರು ಎಲ್ಲವೂ ದೂರದ ನಗರಗಳ ವಿದ್ವತ್ತಿಗೆ ವಸ್ತುವಾಗಿವೆ. ಲಂಡನ್, ಹೈದರಾಬಾದ್, ಧಾರವಾಡ, ಪುಣೆ, ಕಲಬುರಗಿಗಳಲ್ಲಿ ಈ ನೆಲದ ಬಗ್ಗೆ ಪ್ರಬಂಧಗಳು ರಚಿತವಾಗಿವೆ. ಹೀಗೆ ವಿಶ್ವವಿದ್ಯಾಲಯವೆಂಬ ಸಂಸ್ಥೆಯ ಚರಿತ್ರೆಯನ್ನು ನಗರದ ಕಡೆಯಿಂದ ಬರೆಯುವುದು ವಾಡಿಕೆ. ಅದು ಅಧ್ಯಯನ ಮಾಡಿದ ನೆಲದ ಕಡೆಯಿಂದಲೂ ಬರೆಯಬಹುದೆಂಬುದಕ್ಕೆ ಎಡೆದೊರೆ ನಾಡು ಒಳ್ಳೆಯ ನಿದರ್ಶನ.

ಹಾಗೆ ನೋಡಿದಾಗ ಎರಡು ವಿರುದ್ಧ ಚಲನೆಗಳು ಕಾಣುತ್ತವೆ. 1918ರಿಂದ ಈಚೆಗೆ ವಿಶ್ವವಿದ್ಯಾಲಯವು ಈ ನಾಡಿಗೆ ಹೆಜ್ಜೆ ಹೆಜ್ಜೆಯಾಗಿ ಹತ್ತಿರವಾಗುತ್ತ ಬಂದಿದೆ: ಹೈದರಾಬಾದಿನಿಂದ ಧಾರವಾಡಕ್ಕೆ, ಧಾರವಾಡದಿಂದ ಕಲಬುರಗಿಗೆ, ಕಲಬುರಗಿಯಿಂದ ರಾಯಚೂರಿಗೆ. ಇದೇ ಅವಧಿಯಲ್ಲಿ ವಿಶ್ವವಿದ್ಯಾಲಯದ ಒಳಗೆ ಒಂದೇ ಸೂರಿನಡಿ ಇದ್ದ ನಿಕಾಯಗಳು ಒಂದೊಂದಾಗಿ ಬೇರ್ಪಟ್ಟು ಸ್ವತಂತ್ರ ವಿಶ್ವವಿದ್ಯಾಲಯಗಳಾಗಿವೆ. ದೂರ ಕಡಿಮೆಯಾದಂತೆ ಕೂಡುವಿಕೆಯೂ ಕಡಿಮೆಯಾಯಿತು. ಈ ನೆಲದ ಪ್ರಶ್ನೆಗಳಾದರೋ ಹಲವು ಶಾಸ್ತ್ರಗಳು ಕೂಡಿದಲ್ಲದೆ ಬಿಡಿಸಲಾಗದಂಥವು.

ಉನ್ನತ ವಿದ್ಯೆ ಈ ಭಾಗಕ್ಕೆ ಹೊಸದಲ್ಲ. ಕಲಬುರಗಿ ಜಿಲ್ಲೆಯ ಚಿತ್ತಾಪುರದ ಬಳಿಯ ನಾಗಾವಿಯಲ್ಲಿ ದೊರೆತ 1058ರ ಶಾಸನ ಕಲ್ಯಾಣದ ಚಾಲುಕ್ಯ ದೊರೆ ಒಂದನೆಯ ಸೋಮೇಶ್ವರನ ಕಾಲದ್ದು. ದಂಡನಾಯಕ ಮಧುಸೂದನನು ಅಲ್ಲಿ ಸ್ಥಾಪಿಸಿದ ಘಟಿಕಾಶಾಲೆಯ ವ್ಯವಸ್ಥೆಯನ್ನು ಅದು ವಿವರವಾಗಿ ಹೇಳುತ್ತದೆ. ವೇದಾಧ್ಯಯನಕ್ಕೆ ಇನ್ನೂರು ಮಂದಿ, ಶಾಸ್ತ್ರಾಧ್ಯಯನಕ್ಕೆ ಐವತ್ತಕ್ಕೂ ಮಿಕ್ಕ ಮಂದಿ ವಿದ್ಯಾರ್ಥಿಗಳು. ಪ್ರತ್ಯೇಕ ಶಾಸ್ತ್ರಗಳಿಗೆ ಪ್ರತ್ಯೇಕ ಉಪಾಧ್ಯಾಯರು. ಇವರೆಲ್ಲರಿಗಾಗಿ ಆರು ಮಂದಿ ಸರಸ್ವತೀ ಭಂಡಾರಿಗರು, ಎಂದರೆ ಗ್ರಂಥಪಾಲಕರು. ಉಪಾಧ್ಯಾಯರ ವೃತ್ತಿ, ವಿದ್ಯಾರ್ಥಿಗಳ ಊಟವಸತಿ, ಗ್ರಂಥಭಂಡಾರದ ಪಾಲನೆ ಇವೆಲ್ಲಕ್ಕೂ ದತ್ತಿಯ ಏರ್ಪಾಡಿತ್ತು. ಭಿನ್ನ ಶಾಸ್ತ್ರಗಳನ್ನು ಓದುವವರು ಒಂದೇ ಭಂಡಾರದ ಸುತ್ತ ಸೇರುವ ಈ ಏರ್ಪಾಡು ಗಮನಾರ್ಹ. ಪ್ರವೇಶ ಎಲ್ಲರಿಗೂ ತೆರೆದಿರಲಿಲ್ಲ ಎಂಬುದನ್ನು ಮರೆಯದೆಯೇ, ವಿದ್ಯಾಸಂಸ್ಥೆಯೆಂದರೆ ಶಾಸ್ತ್ರಗಳ ಸಹವಾಸವೆಂಬ ಕಲ್ಪನೆ ಇಲ್ಲಿ ಸಾವಿರ ವರ್ಷದ ಹಿಂದೆಯೇ ಇತ್ತೆಂಬುದನ್ನು ಗುರುತಿಸಬೇಕು. ಅಗ್ರಹಾರ, ಮಠ, ಬಸದಿಗಳು ಈ ಪರಂಪರೆಯನ್ನು ತಮ್ಮ ತಮ್ಮ ರೀತಿಯಲ್ಲಿ ಮುಂದುವರಿಸಿದುವು.

ಆಧುನಿಕ ಸಂಶೋಧನೆಯ ಕಣ್ಣು ಈ ನಾಡಿನ ಮೇಲೆ ಬಿದ್ದದ್ದು ವಿಶ್ವವಿದ್ಯಾಲಯಗಳು ಹುಟ್ಟುವುದಕ್ಕಿಂತ ಮೊದಲು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 19ನೆಯ ಶತಮಾನದ ಉತ್ತರಾರ್ಧದಲ್ಲಿ ಮಸ್ಕಿಗೆ ಬಂದು ಪ್ರಾಗೈತಿಹಾಸಿಕ ಅವಶೇಷಗಳನ್ನು ಸಂಗ್ರಹಿಸಿದನು. ಆ ಸಂಗ್ರಹ ಕೊನೆಗೆ ಮದರಾಸಿನ ವಸ್ತುಸಂಗ್ರಹಾಲಯವನ್ನು ಸೇರಿತು. ನೆಲ ಇಲ್ಲಿಯದು, ಭಂಡಾರ ಅಲ್ಲಿಯದು ಎಂಬ ಪದ್ಧತಿ ಅಂದಿನಿಂದಲೇ ಆರಂಭವಾಯಿತೆನ್ನಬಹುದು. ಲಿಂಗಸುಗೂರು ಆಗ ಪ್ರಮುಖ ಊರಾಗಿತ್ತು. ಅಲ್ಲಿ ಸೈನ್ಯದ ದಂಡು ಇತ್ತು, 1905ರವರೆಗೆ ಅದು ನಿಜಾಮ ಸಂಸ್ಥಾನದ ಒಂದು ಜಿಲ್ಲಾ ಕೇಂದ್ರವೂ ಆಗಿತ್ತು. ಆ ವರ್ಷದ ಪುನರ್ವಿಂಗಡಣೆಯಲ್ಲಿ ಜಿಲ್ಲೆ ರಾಯಚೂರಿನಲ್ಲಿ ಲೀನವಾಯಿತು, ಅಧಿಕಾರಕೇಂದ್ರ ಪೂರ್ವಕ್ಕೆ ಸರಿಯಿತು.

ಇದಾದ ಹತ್ತು ವರ್ಷಗಳಿಗೆ, 1915ರ ಜನವರಿಯಲ್ಲಿ, ಚಿನ್ನದ ನಿಕ್ಷೇಪಗಳನ್ನು ಅರಸುತ್ತ ಬಂದ ಗಣಿ ಇಂಜಿನಿಯರ್ ಸಿ. ಬೀಡನ್ ಎಂಬಾತನು ಮಸ್ಕಿಯ ಬೆಟ್ಟದ ಬಂಡೆಯೊಂದರಲ್ಲಿ ಬ್ರಾಹ್ಮೀ ಲಿಪಿಯ ಬರಹವನ್ನು ಕಂಡನು. ಹೈದರಾಬಾದಿನ ಪುರಾತತ್ತ್ವ ಇಲಾಖೆ ಸ್ಥಾಪನೆಯಾಗಿ ಒಂದೇ ವರ್ಷವಾಗಿತ್ತು. ಶಾಸನವನ್ನು ಓದಿ ಸಂಪಾದಿಸುವ ಹೊಣೆ ಹೊಸಕೋಟೆ ಕೃಷ್ಣಶಾಸ್ತ್ರಿಗಳಿಗೆ ಬಂದಿತು. ಅವರ ಸಂಪಾದನೆ ಹೈದರಾಬಾದ್ ಪುರಾತತ್ತ್ವ ಮಾಲೆಯ ಮೊದಲ ಸಂಚಿಕೆಯಾಗಿ ಅದೇ ವರ್ಷ ಇಂಗ್ಲಿಷಿನಲ್ಲಿ ಪ್ರಕಟವಾಯಿತು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿಯನ್ನು ಓದಿದಂದಿನಿಂದ ಶಾಸನಗಳ ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳು ಯಾರವೆಂಬುದನ್ನು ಸಿಂಹಳದ ಗ್ರಂಥಗಳ ಆಧಾರದಿಂದ ಊಹಿಸಲಾಗುತ್ತಿತ್ತು. ದೇವಾನಾಂಪ್ರಿಯನ ಜೊತೆಯಲ್ಲಿ ಅಶೋಕನೆಂಬ ಹೆಸರನ್ನೇ ಹೇಳಿದ ಮೊದಲ ಲೇಖವಾಗಿ ಮಸ್ಕಿಯದು ಆ ಊಹೆಗೆ ಶಿಲೆಯ ಸಾಕ್ಷ್ಯ ಒದಗಿಸಿತು. ಮಧ್ಯಪ್ರದೇಶದ ಗುಜರ್ರಾ, ಬಳ್ಳಾರಿ ಜಿಲ್ಲೆಯ ನಿಟ್ಟೂರು ಮತ್ತು ಉದೇಗೊಳಂಗಳಲ್ಲಿ ಇಂಥ ಲೇಖಗಳು ದೊರೆತದ್ದು ದಶಕಗಳ ಅನಂತರ.

ಈ ಘಟನೆಯಲ್ಲಿ ಪಾಲುಗೊಂಡವರನ್ನು ಗಮನಿಸಿದರೆ ಮುಂದಿನ ವಿವೇಚನೆಗೆ ದಾರಿಯಾಗುತ್ತದೆ. ಕಂಡವನು ಗಣಿಗಾರಿಕೆಯ ಪರಿಣತ, ಓದಿದವರು ಶಾಸನತಜ್ಞರು, ಭಾಷೆ ಪ್ರಾಕೃತ, ಪ್ರಕಟಣೆಗೆ ಆಶ್ರಯ ಉರ್ದು ಆಡಳಿತದ ಸಂಸ್ಥಾನ, ವಿವರಣೆ ಇಂಗ್ಲಿಷಿನದು. ಒಂದು ಬಂಡೆಯನ್ನು ಅರ್ಥಮಾಡಿಕೊಳ್ಳಲು ಇಷ್ಟು ವಿದ್ಯೆಗಳು ಕೂಡಬೇಕಾಯಿತು. ಬಂಡೆಯ ಸುತ್ತಲಿನ ಜನರ ಮಾತಾದ ಕನ್ನಡಕ್ಕೆ ಮಾತ್ರ ಇದರಲ್ಲಿ ಸ್ಥಾನವಿರಲಿಲ್ಲ. ಮೈಸೂರು ವಿಶ್ವವಿದ್ಯಾಲಯ ಸ್ಥಾಪನೆಯಾಗಲು ಇನ್ನೂ ಒಂದು ವರ್ಷವಿತ್ತು. ಹೈದರಾಬಾದಿನಲ್ಲಿ ವಿಶ್ವವಿದ್ಯಾಲಯವೇ ಇರಲಿಲ್ಲ, ಅಲ್ಲಿನ ನಿಜಾಮ್ ಕಾಲೇಜು ಮದರಾಸು ವಿಶ್ವವಿದ್ಯಾಲಯಕ್ಕೆ ಸೇರಿತ್ತು.

1918ರಲ್ಲಿ ಮೀರ್ ಉಸ್ಮಾನ್ ಅಲಿ ಖಾನನ ಫರ್ಮಾನಿನಿಂದ ಉಸ್ಮಾನಿಯಾ ವಿಶ್ವವಿದ್ಯಾಲಯ ರೂಪುಗೊಂಡಿತು. ಮರುವರ್ಷ ತರಗತಿಗಳು ಆರಂಭವಾದುವು. ಎಡೆದೊರೆ ನಾಡಿಗೆ ಇದೇ ಮೊದಲ ವಿಶ್ವವಿದ್ಯಾಲಯ. ಆಧುನಿಕ ಭಾರತದಲ್ಲಿ ದೇಶಭಾಷೆಯೊಂದನ್ನು ಉನ್ನತ ಶಿಕ್ಷಣದ ಮಾಧ್ಯಮವಾಗಿ ಸ್ವೀಕರಿಸಿದ ಮೊದಲ ವಿಶ್ವವಿದ್ಯಾಲಯವೂ ಹೌದು. ಅದಕ್ಕೆ ಪೂರ್ವಸಿದ್ಧತೆಯಾಗಿ 1917ರಲ್ಲೇ ದಾರುಲ್ ತರ್ಜುಮಾ ಎಂಬ ಭಾಷಾಂತರ ಕೇಂದ್ರ ಸ್ಥಾಪಿತವಾಗಿ, ವಿಜ್ಞಾನ, ಇತಿಹಾಸ, ಕಾನೂನು, ವೈದ್ಯ ಮುಂತಾದ ಶಾಸ್ತ್ರಗಳ ಗ್ರಂಥಗಳನ್ನು ಉರ್ದುವಿಗೆ ತಂದಿತು, ಪರಿಭಾಷೆಯನ್ನು ಕಟ್ಟಿತು. ಕಲೆ ಮತ್ತು ವಿಜ್ಞಾನಗಳಿಂದ ಮೊದಲಾದ ಸಂಸ್ಥೆ ಒಂದು ದಶಕದೊಳಗೆ ಕಾನೂನು, ವೈದ್ಯ, ಶಿಕ್ಷಣಶಾಸ್ತ್ರಗಳಿಗೆ ವಿಸ್ತರಿಸಿತು. 1924ರಲ್ಲಿ ಮಹಿಳಾ ಕಾಲೇಜು, 1929ರಲ್ಲಿ ಇಂಜಿನಿಯರಿಂಗ್ ಕಾಲೇಜು ಬಂದುವು. 1939ರಲ್ಲಿ ಉದ್ಘಾಟನೆಯಾದ ಕಲಾ ಕಾಲೇಜಿನ ಭವ್ಯ ಕಟ್ಟಡ ಅದರ ಲಾಂಛನವೇ ಆಯಿತು. ರಾಜಧಾನಿಯ ನಗರದಲ್ಲಿ, ಸರ್ಕಾರದ ಹಣದಿಂದ, ಎಲ್ಲ ನಿಕಾಯಗಳನ್ನೂ ಒಂದೇ ಆಡಳಿತದಡಿ ಇಟ್ಟುಕೊಂಡು, ಬೋಧನೆಯ ಜೊತೆಗೆ ಗ್ರಂಥನಿರ್ಮಾಣವನ್ನೂ ಕರ್ತವ್ಯವೆಂದು ಒಪ್ಪಿಕೊಂಡ ಸಂಸ್ಥೆ ಅದು. ನಗರ ಕೇಂದ್ರಿತ ಸಾರ್ವಜನಿಕ ವಿಶ್ವವಿದ್ಯಾಲಯದ ಮಾದರಿ ಈ ನಾಡಿನವರಿಗೆ ಪರಿಚಯವಾದದ್ದು ಹೀಗೆ.

ಆದರೆ ಸಂಸ್ಥಾನದ ಜನರಲ್ಲಿ ಬಹುಪಾಲು ತೆಲುಗರು, ಅನಂತರ ಮರಾಠಿಗರು. ಕನ್ನಡಿಗರು ನೂರಕ್ಕೆ ಸುಮಾರು 12. ದೇಶಭಾಷಾ ಮಾಧ್ಯಮವೆಂಬ ಉದಾತ್ತ ತತ್ತ್ವವು ಲಿಂಗಸುಗೂರಿನ ಅಥವಾ ಸಿಂಧನೂರಿನ ವಿದ್ಯಾರ್ಥಿಗೆ ಇನ್ನೊಂದು ಅನ್ಯಭಾಷೆಯನ್ನು ಕಲಿಯುವ ಹೊರೆಯಾಗಿ ಒದಗಿತು. ಇಂಗ್ಲಿಷಿಗೆ ಬದಲು ಉರ್ದು ಬಂದಿತೇ ಹೊರತು ಮನೆಯ ಮಾತು ಶಾಸ್ತ್ರದ ಮಾತಾಗಲಿಲ್ಲ. ದಾರುಲ್ ತರ್ಜುಮಾದಂಥ ಕೆಲಸ ಕನ್ನಡಕ್ಕೆ ಈ ಭಾಗದಲ್ಲಿ ನಡೆಯಲಿಲ್ಲವೆಂಬುದೇ ಮುಖ್ಯವಾದ ಕೊರತೆ. ಕಲಬುರಗಿಯ ಇಂಟರ್‌ಮೀಡಿಯೇಟ್ ಕಾಲೇಜನ್ನು ದಾಟಿದ ಮೇಲೆ ಪದವಿಗೆ ಹೈದರಾಬಾದಿಗೇ ಹೋಗಬೇಕಾಗಿತ್ತು. ಹಾಗೆ ಹೋದವರಲ್ಲಿ ಕಾವ್ಯಾನಂದರೆಂದು ಪ್ರಸಿದ್ಧರಾದ ಸಿದ್ಧಯ್ಯ ಪುರಾಣಿಕರೂ ಒಬ್ಬರು. ಉರ್ದುವಿನ ಮೂಲಕ ಓದಿ, ಕನ್ನಡದಲ್ಲಿ ಬರೆದ ತಲೆಮಾರಿಗೆ ಅವರು ಸೇರಿದವರು. 1938ರಲ್ಲಿ ವಂದೇ ಮಾತರಂ ಗೀತೆಯ ಪ್ರಶ್ನೆಯ ಮೇಲೆ ಚಳವಳಿ ನಡೆದು ಅನೇಕ ವಿದ್ಯಾರ್ಥಿಗಳು ಹೊರಹಾಕಲ್ಪಟ್ಟು ನಾಗಪುರದ ಕಡೆಗೆ ಹೋಗಬೇಕಾದದ್ದು ಈ ವಿಶ್ವವಿದ್ಯಾಲಯದ ಚರಿತ್ರೆಯ ಇನ್ನೊಂದು ಪುಟ. ಪೋಲೀಸ್ ಕಾರ್ಯಾಚರಣೆಯ ಅನಂತರ ಉರ್ದುವಿನ ಸ್ಥಾನಕ್ಕೆ ಇಂಗ್ಲಿಷ್ ಬಂದಿತು.

ವಿಶ್ವವಿದ್ಯಾಲಯದ ಹೊರಗಿದ್ದುಕೊಂಡೇ ಕನ್ನಡದಲ್ಲಿ ಸಂಶೋಧನೆ ನಡೆಸಿದವರನ್ನು ಇಲ್ಲಿ ನೆನೆಯಬೇಕು. 1934ರಲ್ಲಿ ಪಂಜೆ ಮಂಗೇಶರಾಯರ ಅಧ್ಯಕ್ಷತೆಯಲ್ಲಿ ರಾಯಚೂರಿನಲ್ಲಿ ನಡೆದ ಸಾಹಿತ್ಯ ಸಮ್ಮೇಳನ ಈ ಭಾಗದ ಕನ್ನಡ ಪ್ರಜ್ಞೆಗೆ ಬಲ ತಂದಿತ್ತು. ವಕೀಲ ವೃತ್ತಿಯ ಕಪಟರಾಳ ಕೃಷ್ಣರಾಯರು ಶಾಸನಗಳನ್ನು ಆಧರಿಸಿ ಲಾಕುಳ ಶೈವರ ಇತಿಹಾಸವನ್ನು ಬರೆದರು. ಯಾವ ನಿಕಾಯದ ಆಶ್ರಯವೂ ಇಲ್ಲದೆ ಇಂಥ ಕೆಲಸ ಆಗಬೇಕಾಯಿತೆಂಬುದು ಅವರ ಹಿರಿಮೆಯನ್ನು ಹೇಳುವಂತೆ ಅಂದಿನ ವ್ಯವಸ್ಥೆಯ ಕೊರತೆಯನ್ನೂ ಹೇಳುತ್ತದೆ.

1950ರ ದಶಕದಲ್ಲಿ ಈ ಮೂರು ಊರುಗಳ ಸುತ್ತಣ ನೆಲ ಪುರಾತತ್ತ್ವದ ದೃಷ್ಟಿಯಿಂದ ಅಂತರರಾಷ್ಟ್ರೀಯ ಪ್ರಾಮುಖ್ಯ ಪಡೆಯಿತು. 1952ರಲ್ಲಿ ಎಫ್. ಆರ್. ಆಲ್ಚಿನ್ ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನ ಬಳಿಯ ಪಿಕ್ಲಿಹಾಳದಲ್ಲಿ ಉತ್ಖನನ ನಡೆಸಿದನು. ರಾಯಚೂರು ಜಿಲ್ಲೆಯ ಆದಿಮ ಸಂಸ್ಕೃತಿಗಳ ಬೆಳವಣಿಗೆಯನ್ನು ಕುರಿತ ಅವನ ಮಹಾಪ್ರಬಂಧ ಲಂಡನ್ ವಿಶ್ವವಿದ್ಯಾಲಯಕ್ಕೆ ಸಲ್ಲಿಕೆಯಾಯಿತು. ಉತ್ಖನನದ ವರದಿ 1960ರಲ್ಲಿ ಪ್ರಕಟವಾಯಿತು. 1954ರಲ್ಲಿ ಬಿ. ಕೆ. ಥಾಪರ್ ಮಸ್ಕಿಯಲ್ಲಿ ಅಗೆದು ನವಶಿಲಾ-ತಾಮ್ರಯುಗದಿಂದ ಮಹಾಶಿಲಾಯುಗ, ಆದಿ ಐತಿಹಾಸಿಕ ಕಾಲ, ಮಧ್ಯಯುಗದವರೆಗಿನ ವಸತಿಯ ಸ್ತರಗಳನ್ನು ಗುರುತಿಸಿದರು. ಅಶೋಕನ ಲೇಖ ನಿರ್ಜನವಾದ ಅಡವಿಯಲ್ಲಿ ಬರೆದದ್ದಲ್ಲ, ಬಹುಕಾಲದಿಂದ ಜನ ಬಾಳಿದ ನೆಲೆಯಲ್ಲಿ ಬರೆದದ್ದು ಎಂಬುದು ಇದರಿಂದ ಸ್ಪಷ್ಟವಾಯಿತು. ಮಧ್ಯಯುಗದಲ್ಲಿ ಮೊಸಂಗಿ ಎಂಬ ಹೆಸರಿನ ಈ ಊರೇ ಚಾಲುಕ್ಯ ಜಯಸಿಂಹ ಮತ್ತು ಚೋಳ ರಾಜೇಂದ್ರರ ನಡುವಣ ಯುದ್ಧದ ಸ್ಥಳವೆಂದು ವಿದ್ವಾಂಸರು ಗುರುತಿಸಿದ್ದಾರೆ.

1956ರ ನವೆಂಬರ್ 1ರಂದು ರಾಯಚೂರು ಜಿಲ್ಲೆ ವಿಶಾಲ ಮೈಸೂರು ರಾಜ್ಯಕ್ಕೆ ಸೇರಿದಾಗ ಇಲ್ಲಿನ ಉನ್ನತ ಶಿಕ್ಷಣ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಬಂದಿತು. 1949ರಲ್ಲಿ ಸ್ಥಾಪನೆಯಾದ ಆ ವಿಶ್ವವಿದ್ಯಾಲಯವನ್ನು ಡಿ. ಸಿ. ಪಾವಟೆಯವರು 1954ರಿಂದ 1967ರವರೆಗೆ ಕುಲಪತಿಗಳಾಗಿ ಕಟ್ಟಿ ಬೆಳೆಸುತ್ತಿದ್ದ ಕಾಲವದು. 1939ರಲ್ಲಿ ಮುಂಬಯಿ ಸರ್ಕಾರ ಆರಂಭಿಸಿದ್ದ ಕನ್ನಡ ಸಂಶೋಧನ ಸಂಸ್ಥೆಯೂ ಅದರ ಅಂಗವಾಯಿತು. ಎಡೆದೊರೆ ನಾಡಿನ ಮಟ್ಟಿಗೆ ಇದು ದೊಡ್ಡ ತಿರುವು. ಕಲಿಕೆಯ ಮೇಲ್ಮಟ್ಟದಲ್ಲಿ ಇಂಗ್ಲಿಷ್ ಮುಂದುವರಿದರೂ, ಕನ್ನಡ ಸಾಹಿತ್ಯ, ಶಾಸನ, ಇತಿಹಾಸ ಮೂರೂ ಒಂದೇ ಆವರಣದಲ್ಲಿ ಕನ್ನಡ ಬಲ್ಲ ವಿದ್ವಾಂಸರ ಕೈಯಲ್ಲಿ ಬೆಳೆಯತೊಡಗಿದುವು. ಹೈದರಾಬಾದ್ ಸಂಸ್ಥಾನದ ಕನ್ನಡ ಪ್ರದೇಶದ ಜೈನ ಶಾಸನಗಳನ್ನು ಅಪಾರ ಶ್ರಮದಿಂದ ಸಂಗ್ರಹಿಸಿ 1957ರಲ್ಲಿ ದಕ್ಷಿಣ ಭಾರತದ ಜೈನಧರ್ಮವನ್ನು ಕುರಿತ ಗ್ರಂಥದಲ್ಲಿ ಪ್ರಕಟಿಸಿದ ಪಿ. ಬಿ. ದೇಸಾಯಿಯವರು ಮುಂದೆ ಧಾರವಾಡದಲ್ಲಿ ಸಂಶೋಧನೆಯ ನೇತೃತ್ವ ವಹಿಸಿದರು. ಆಗ ರಾಯಚೂರು ಜಿಲ್ಲೆಯಲ್ಲಿದ್ದ ಕೊಪ್ಪಳ ಭಾಗದ ಶಾಸನಗಳು ಅವರ ಗ್ರಂಥದ ಮುಖ್ಯ ಸಾಮಗ್ರಿ. ಅದೇ ವಿಶ್ವವಿದ್ಯಾಲಯದ ಅ. ಸುಂದರ ಅವರು ಮಹಾಶಿಲಾ ಗೋರಿಗಳನ್ನು ಕುರಿತು ನಡೆಸಿದ ಅಧ್ಯಯನ ಹಿರೇಬೆಣಕಲ್ಲಿನಂಥ ನೆಲೆಗಳನ್ನು ವಿದ್ವತ್ ಲೋಕದ ಮುಂದಿಟ್ಟಿತು. ಧಾರವಾಡ ದೂರವೇ ಆಗಿತ್ತು; ಆದರೆ ಆ ದೂರದಲ್ಲಿ ಈ ನೆಲವನ್ನು ಅದರ ಭಾಷೆಯ ಮೂಲಕ ಓದುವ ಪರಂಪರೆಯೊಂದು ನೆಲೆಗೊಂಡಿತು.

1970ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯವು ಕಲಬುರಗಿಯಲ್ಲಿ ಸ್ನಾತಕೋತ್ತರ ಕೇಂದ್ರ ತೆರೆಯಿತು. 1980ರ ಸೆಪ್ಟೆಂಬರಿನಲ್ಲಿ ಆ ಕೇಂದ್ರವೇ ಗುಲಬರ್ಗಾ ವಿಶ್ವವಿದ್ಯಾಲಯವಾಯಿತು. ನಗರದ ಪೂರ್ವಕ್ಕೆ ಜ್ಞಾನಗಂಗಾ ಎಂಬ ಹೆಸರಿನ ಸುಮಾರು 860 ಎಕರೆಯ ಆವರಣ. ಬೀದರ, ಕಲಬುರಗಿ, ರಾಯಚೂರು, ಬಳ್ಳಾರಿ ಜಿಲ್ಲೆಗಳ ವ್ಯಾಪ್ತಿ. ಕಲೆ, ಸಮಾಜವಿಜ್ಞಾನ, ವಿಜ್ಞಾನ ಮತ್ತು ತಂತ್ರಜ್ಞಾನ, ವಾಣಿಜ್ಯ, ಶಿಕ್ಷಣ, ಕಾನೂನು ಮುಂತಾದ ನಿಕಾಯಗಳು ಅದರಲ್ಲಿ ಸೇರಿದ್ದುವು. ಕನ್ನಡ ಅಧ್ಯಯನ ಸಂಸ್ಥೆ ಮತ್ತು ಪ್ರಸಾರಾಂಗಗಳು ಈ ಭಾಗದ ಶಾಸನ, ಜಾನಪದ, ವಚನ ಮತ್ತು ತತ್ತ್ವಪದ ಸಾಹಿತ್ಯಗಳ ಅಧ್ಯಯನಕ್ಕೆ ಎಡೆಮಾಡಿದುವು. ವೈದ್ಯ ಹಾಗೂ ಇಂಜಿನಿಯರಿಂಗ್ ಕಾಲೇಜುಗಳಿಗೂ ಆರಂಭದಲ್ಲಿ ಇದೇ ಮಾತೃಸಂಸ್ಥೆ. ಮುಂದೆ ರಾಯಚೂರಿನಲ್ಲೂ ಸ್ನಾತಕೋತ್ತರ ಕೇಂದ್ರ ತೆರೆಯಿತು. ಸಿಂಧನೂರು, ಲಿಂಗಸುಗೂರಿನ ಪದವಿ ಕಾಲೇಜುಗಳಲ್ಲಿ ಓದಿ ತಮ್ಮ ಮನೆತನದಲ್ಲಿ ಮೊದಲಬಾರಿಗೆ ಸ್ನಾತಕೋತ್ತರ ಪದವಿ ಪಡೆದವರಿಗೆ ದಾರಿ ತೆರೆದದ್ದು ಈ ವಿಶ್ವವಿದ್ಯಾಲಯ. ಅದರ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಸಾಧನೆಯನ್ನು ಹುಡುಕಬೇಕಾದ ಅಗತ್ಯವಿಲ್ಲ.

ಈ ಹಂತದಿಂದಲೇ ಎರಡನೆಯ ಚಲನೆ, ಎಂದರೆ ನಿಕಾಯಗಳ ಬೇರ್ಪಡೆ, ಆರಂಭವಾಗುತ್ತದೆ. ಕೃಷಿಶಿಕ್ಷಣ ಮೊದಲಿನಿಂದಲೂ ಪ್ರತ್ಯೇಕ ವಿಶ್ವವಿದ್ಯಾಲಯದ ಕೈಯಲ್ಲಿತ್ತು. 1991ರಲ್ಲಿ ಹಂಪಿಯಲ್ಲಿ ಸ್ಥಾಪಿತವಾದ ಕನ್ನಡ ವಿಶ್ವವಿದ್ಯಾಲಯವು ಸಂಶೋಧನೆಯನ್ನೇ ಮುಖ್ಯ ಕಾರ್ಯವಾಗಿಸಿಕೊಂಡು ಶಾಸನ ಸಂಪುಟಗಳನ್ನು ಜಿಲ್ಲಾವಾರು ಹೊರತಂದಿತು. 1996ರಲ್ಲಿ ವೈದ್ಯಕೀಯ ಕಾಲೇಜುಗಳು ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೂ, 1998ರಲ್ಲಿ ಇಂಜಿನಿಯರಿಂಗ್ ಕಾಲೇಜುಗಳು ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೂ ಹೋದುವು. 2003ರಲ್ಲಿ ವಿಜಯಪುರದಲ್ಲಿ ಮಹಿಳಾ ವಿಶ್ವವಿದ್ಯಾಲಯ ಬಂದಿತು. 2008ರಲ್ಲಿ ರಾಯಚೂರಿನ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯ ಸ್ಥಾಪನೆಯಾಗಿ, ಈ ಭಾಗದ ಕೃಷಿ ಕಾಲೇಜುಗಳು ಮತ್ತು ಸಂಶೋಧನ ಕೇಂದ್ರಗಳು ಧಾರವಾಡದಿಂದ ಅದಕ್ಕೆ ಬಂದುವು. 2010ರಲ್ಲಿ ಬಳ್ಳಾರಿಯಲ್ಲಿ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ, ಅನಂತರ ರಾಯಚೂರು ಮತ್ತು ಯಾದಗಿರಿ ಜಿಲ್ಲೆಗಳಿಗಾಗಿ ರಾಯಚೂರು ವಿಶ್ವವಿದ್ಯಾಲಯ, 2023ರಲ್ಲಿ ಬೀದರ, ಕೊಪ್ಪಳಗಳಲ್ಲಿ ಹೊಸ ವಿಶ್ವವಿದ್ಯಾಲಯಗಳು ತಲೆಯೆತ್ತಿದುವು.

ಇದರಲ್ಲಿ ಲಾಭವಿಲ್ಲವೆಂದು ಹೇಳುವುದು ನ್ಯಾಯವಾಗದು. ಡಾ. ಡಿ. ಎಂ. ನಂಜುಂಡಪ್ಪ ಸಮಿತಿ 2002ರ ವರದಿಯಲ್ಲಿ ರಾಜ್ಯದ 114 ತಾಲ್ಲೂಕುಗಳನ್ನು ಹಿಂದುಳಿದವೆಂದು ಗುರುತಿಸಿ, ಅವುಗಳಲ್ಲಿ 39ನ್ನು ಅತ್ಯಂತ ಹಿಂದುಳಿದವೆಂದು ವರ್ಗೀಕರಿಸಿತು. ಲಿಂಗಸುಗೂರು ಮತ್ತು ಸಿಂಧನೂರು ಈ ಕೊನೆಯ ವರ್ಗದಲ್ಲಿದ್ದುವು. ಮಸ್ಕಿ ಆಗ ಪ್ರತ್ಯೇಕ ತಾಲ್ಲೂಕಾಗಿರಲಿಲ್ಲ. ಇಂಥ ನಾಡಿನ ವಿದ್ಯಾರ್ಥಿನಿಗೆ ಬಸ್ಸಿನಲ್ಲಿ ಹೋಗಿ ಸಂಜೆಗೆ ಮರಳಬಹುದಾದ ದೂರದಲ್ಲಿ ವಿಶ್ವವಿದ್ಯಾಲಯ ಇರುವುದು ಓದು ಮುಂದುವರಿಯುವುದಕ್ಕೂ ನಿಲ್ಲುವುದಕ್ಕೂ ನಡುವಣ ವ್ಯತ್ಯಾಸ. ಸಂವಿಧಾನದ 371ಜೆ ವಿಧಿಯ ಅನ್ವಯ ಬಂದ ಮೀಸಲಾತಿಯಿಂದ ಈ ಪ್ರದೇಶದ ಶಿಕ್ಷಣ ಸಂಸ್ಥೆಗಳಲ್ಲಿ ಸ್ಥಳೀಯರಿಗೆ ನೂರಕ್ಕೆ 70, ರಾಜ್ಯದ ಇತರ ಸಂಸ್ಥೆಗಳಲ್ಲಿ ನೂರಕ್ಕೆ 8 ಸ್ಥಾನಗಳು ದೊರೆಯುತ್ತಿವೆ. ವಿಶೇಷಜ್ಞಾನದ ವಿಶ್ವವಿದ್ಯಾಲಯಗಳು ತಮ್ಮ ಕ್ಷೇತ್ರದಲ್ಲಿ ಏಕಾಗ್ರವಾಗಿ ಕೆಲಸ ಮಾಡಬಲ್ಲವೆಂಬುದಕ್ಕೆ ಕೃಷಿ ವಿಶ್ವವಿದ್ಯಾಲಯದ ಗಂಗಾವತಿ ಕೇಂದ್ರದಲ್ಲಿ ಸವಳು ಮಣ್ಣಿನ ಮೇಲೆ ನಡೆಯುತ್ತಿರುವ ಸಂಶೋಧನೆಯೇ ಸಾಕ್ಷಿ.

ಹಾಗಾದರೆ ನಷ್ಟವಾದದ್ದೇನು ಎಂಬ ಪ್ರಶ್ನೆಗೆ ಉತ್ತರವನ್ನು ಈ ಮೂರು ಊರುಗಳೇ ಕೊಡುತ್ತವೆ.

ಮೊದಲನೆಯದು ಮಸ್ಕಿ. ಅಶೋಕನ ಆಡಳಿತ ದಕ್ಷಿಣದ ಈ ಭಾಗಕ್ಕೇ ಏಕೆ ಬಂದಿತೆಂಬ ಪ್ರಶ್ನೆಗೆ ಇಲ್ಲಿನ ಚಿನ್ನವೇ ಕಾರಣವಿರಬಹುದೆಂದು ಹಲವು ಇತಿಹಾಸಕಾರರು ಸೂಚಿಸಿದ್ದಾರೆ. ಭೂವಿಜ್ಞಾನಿಗಳು ಹಟ್ಟಿ-ಮಸ್ಕಿ ಎಂಬ ಜೋಡಿ ಹೆಸರಿನಿಂದಲೇ ಕರೆಯುವ ಸ್ವರ್ಣಯುಕ್ತ ಶಿಲಾಪಟ್ಟಿಯೊಂದು ಇಲ್ಲಿ ಹಾದುಹೋಗಿದೆ. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಪ್ರಾಚೀನರು ತೋಡಿದ್ದ ಗಣಿಯ ಬಲು ಆಳದಲ್ಲಿ ದೊರೆತ ಮರದ ತುಂಡುಗಳ ಕಾಲವನ್ನು ಇಂಗಾಲದ ಪರೀಕ್ಷೆಯಿಂದ ಅಳೆದಾಗ ಸುಮಾರು 2000 ವರ್ಷಗಳಷ್ಟು ಹಳೆಯವೆಂದು ತಿಳಿದುಬಂದಿತು. ಶಾಸನವನ್ನು ಓದುವವನಿಗೆ ಗಣಿಯ ಅರಿವಿಲ್ಲದಿದ್ದರೆ, ಗಣಿಯನ್ನು ಬಲ್ಲವನಿಗೆ ಶಾಸನದ ಅರಿವಿಲ್ಲದಿದ್ದರೆ ಈ ಪ್ರಶ್ನೆ ಸೂಚನೆಯ ಮಟ್ಟದಲ್ಲೇ ಉಳಿಯುತ್ತದೆ. ಬೀಡನ್ ಮತ್ತು ಕೃಷ್ಣಶಾಸ್ತ್ರಿಗಳ ಆಕಸ್ಮಿಕ ಜೋಡಣೆಯನ್ನು ಯೋಜಿತವಾಗಿ ಸಾಧಿಸುವುದು ವಿಶ್ವವಿದ್ಯಾಲಯದ ಕೆಲಸ.

ಎರಡನೆಯದು ಲಿಂಗಸುಗೂರಿನ ಆದಿಮ ನೆಲೆಗಳು. ಪಿಕ್ಲಿಹಾಳದ ಬಂಡೆಗಳ ಮೇಲಿನ ಚಿತ್ರಗಳಲ್ಲಿ ಎತ್ತು ಹಸುಗಳೇ ಹೆಚ್ಚು. ಈ ಪ್ರದೇಶದ ಬೂದಿದಿಬ್ಬಗಳು ಸಗಣಿಯ ರಾಶಿಯನ್ನು ಸುಟ್ಟು ಉಂಟಾದವೆಂಬುದನ್ನು ನಿಶ್ಚಯಿಸಲು ರಸಾಯನ ಪರೀಕ್ಷೆ ಬೇಕಾಯಿತು. ಪಕ್ಕದ ಸುರಪುರ ಸೀಮೆಯ ಬೂದಿಹಾಳದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು 1989ರಿಂದ ಕೆಲವು ವರ್ಷ ನಡೆಸಿದ ಉತ್ಖನನದಲ್ಲಿ ಮೂಳೆಗಳ ಅಧ್ಯಯನ ಮಾಡುವವರು ಜೊತೆಗಿದ್ದುದರಿಂದಲೇ ನವಶಿಲಾಯುಗದ ಜನ ದನಗಳನ್ನು ಕಡಿದು ಹಂಚುತ್ತಿದ್ದ ನೆಲಗಟ್ಟನ್ನು ಗುರುತಿಸಲು ಸಾಧ್ಯವಾಯಿತು. ಶಾಸ್ತ್ರಗಳು ಕೂಡಿದಾಗ ಎಡೆದೊರೆಯ ಆಸುಪಾಸಿನ ನೆಲ ಏನನ್ನು ಹೇಳಬಲ್ಲುದೆಂಬುದಕ್ಕೆ ಇದು ಉತ್ತಮ ಉದಾಹರಣೆ. ಮುದಗಲ್ಲಿನ ಕೋಟೆಯಲ್ಲಿರುವ ಕನ್ನಡ ಮತ್ತು ಪರ್ಶಿಯನ್ ಶಾಸನಗಳ ಮಾತೂ ಇಂಥದೇ. ಒಂದು ಭಾಷೆ ಮಾತ್ರ ಬಲ್ಲ ಸಂಶೋಧಕನಿಗೆ ಆ ಕೋಟೆ ತನ್ನ ಅರ್ಧ ಚರಿತ್ರೆಯನ್ನು ಮಾತ್ರ ಹೇಳುತ್ತದೆ. ಉಸ್ಮಾನಿಯಾ ಕಾಲದ ಉರ್ದು, ಪರ್ಶಿಯನ್ ವಿದ್ವತ್ತು ಈ ಭಾಗದಲ್ಲಿ ಕ್ಷೀಣಿಸಿರುವುದರಿಂದ ನಿಜಾಮರ ಕಾಲದ ಕಂದಾಯ ಕಡತಗಳನ್ನು ಓದಬಲ್ಲವರೂ ವಿರಳರಾಗುತ್ತಿದ್ದಾರೆ.

ಮೂರನೆಯದು ಸಿಂಧನೂರು. 1953ರಲ್ಲಿ ತುಂಗಭದ್ರಾ ಅಣೆಕಟ್ಟೆಯ ನೀರು ಹರಿಯತೊಡಗಿದ ಮೇಲೆ ಎಡದಂಡೆ ಕಾಲುವೆ ಈ ತಾಲ್ಲೂಕಿನ ರೂಪವನ್ನೇ ಬದಲಿಸಿತು. ಜೋಳ, ಹತ್ತಿಯ ಎರೆನೆಲದಲ್ಲಿ ಬತ್ತದ ಗದ್ದೆಗಳು ಹರಡಿದುವು. ಆಂಧ್ರದ ಕರಾವಳಿಯಿಂದ ಬಂದ ರೈತರು ಕ್ಯಾಂಪುಗಳನ್ನು ಕಟ್ಟಿದರು. ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರಿಗೂ ಇಲ್ಲಿಯೇ ಪುನರ್ವಸತಿ ಆಯಿತು. ಕನ್ನಡ, ತೆಲುಗು, ಬಂಗಾಳಿ, ಉರ್ದು, ಲಂಬಾಣಿ ಮಾತುಗಳು ಒಂದೇ ಸಂತೆಯಲ್ಲಿ ಕೇಳಿಬರುವ ಊರಾಯಿತು ಸಿಂಧನೂರು. ನೀರು ಸಮೃದ್ಧಿ ತಂದಂತೆ ಜೌಗು, ಸವಳುಗಳನ್ನೂ, ಕಾಲುವೆಯ ಮೇಲ್ಭಾಗ ಹಾಗೂ ಕೆಳಭಾಗದವರ ನಡುವೆ ವ್ಯಾಜ್ಯವನ್ನೂ ತಂದಿತು. ಮಣ್ಣಿನ ಸವಳನ್ನು ಅಳೆಯುವವರು ಕೃಷಿ ವಿಶ್ವವಿದ್ಯಾಲಯದಲ್ಲಿದ್ದಾರೆ. ಅದು ಯಾರ ಹೊಲದಲ್ಲಿ ಏಕೆ ಹೆಚ್ಚಾಯಿತು, ಭೂಮಿ ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂಬುದನ್ನು ಕೇಳಬೇಕಾದವರು ಸಮಾಜವಿಜ್ಞಾನದ ನಿಕಾಯದಲ್ಲಿದ್ದಾರೆ. ಕ್ಯಾಂಪಿನ ಎರಡನೆಯ ತಲೆಮಾರಿನ ಕನ್ನಡ ಹೇಗಿದೆಯೆಂದು ಹೇಳಬೇಕಾದವರು ಭಾಷಾ ವಿಭಾಗದಲ್ಲಿದ್ದಾರೆ. ಹೊಲದಲ್ಲಿ ಸಿಂಪಡಿಸಿದ ವಿಷದಿಂದ ಮೈಗೆ ಆದುದನ್ನು ತಿಳಿಯಬೇಕಾದವರು ವೈದ್ಯ ಕಾಲೇಜಿನಲ್ಲಿದ್ದಾರೆ. ಈ ನಾಲ್ವರೂ ನಾಲ್ಕು ಆಡಳಿತಗಳ, ನಾಲ್ಕು ಪಠ್ಯಕ್ರಮಗಳ, ನಾಲ್ಕು ಗ್ರಂಥಾಲಯಗಳ ಒಳಗಿದ್ದಾರೆ.

ವಿಶೇಷವೆಂದರೆ ಬೇರ್ಪಟ್ಟ ಈ ಅಂಗಗಳಲ್ಲಿ ಹಲವು ಇಂದು ರಾಯಚೂರು ನಗರದಲ್ಲಿ ಅಥವಾ ಅದರ ಆಸುಪಾಸಿನಲ್ಲೇ ಇವೆ. ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯ ಲಿಂಗಸುಗೂರು ರಸ್ತೆಯಲ್ಲಿದೆ. ಹಳೆಯ ಸ್ನಾತಕೋತ್ತರ ಕೇಂದ್ರದ ಬುನಾದಿಯ ಮೇಲೆ ನಿಂತ ರಾಯಚೂರು ವಿಶ್ವವಿದ್ಯಾಲಯ ಯರಗೇರಾ ಬಳಿಯಲ್ಲಿದೆ. ಅದಕ್ಕೆ ಆದಿಕವಿ ಮಹರ್ಷಿ ವಾಲ್ಮೀಕಿಯ ಹೆಸರನ್ನಿಡುವ ತೀರ್ಮಾನವೂ ಆಗಿದೆ. ಸರ್ಕಾರಿ ವೈದ್ಯಕೀಯ ಕಾಲೇಜು, ಇಂಜಿನಿಯರಿಂಗ್ ಕಾಲೇಜು, 2019ರಲ್ಲಿ ಆರಂಭವಾದ ಮಾಹಿತಿ ತಂತ್ರಜ್ಞಾನ ಸಂಸ್ಥೆ ಇವೂ ಅಲ್ಲಿವೆ. ಉಸ್ಮಾನಿಯಾದ ಒಂದೇ ಆವರಣದಲ್ಲಿ ಇದ್ದ ನಿಕಾಯಗಳ ಬಹುಪಾಲು ಒಂದು ಜಿಲ್ಲಾ ನಗರದಲ್ಲಿ ಹರಡಿಕೊಂಡು ಸೇರಿವೆ. ಒಂದು ಆಡಳಿತ ಮಾತ್ರ ಇಲ್ಲ. ಅವನ್ನು ಮರಳಿ ಒಂದೇ ವಿಶ್ವವಿದ್ಯಾಲಯವಾಗಿಸುವುದು ಕಾರ್ಯಸಾಧ್ಯವೂ ಅಲ್ಲ, ಬಹುಶಃ ಅಪೇಕ್ಷಣೀಯವೂ ಅಲ್ಲ. ಸಮಾನ ಗ್ರಂಥಾಲಯ ಸೌಲಭ್ಯ, ಒಂದು ನಿಕಾಯದ ಸಂಶೋಧನ ವಿದ್ಯಾರ್ಥಿಗೆ ಮತ್ತೊಂದು ವಿಶ್ವವಿದ್ಯಾಲಯದ ಸಹಮಾರ್ಗದರ್ಶಕರು, ಎಡೆದೊರೆ ನಾಡನ್ನೇ ವಿಷಯವಾಗಿಟ್ಟುಕೊಂಡ ಒಂದು ಸಂಯುಕ್ತ ಅಧ್ಯಯನಪೀಠ ಇವು ಕಾಯಿದೆಯ ಬದಲಾವಣೆಗಿಂತ ಮನಸ್ಸಿನ ಒಪ್ಪಂದವನ್ನೇ ಹೆಚ್ಚಾಗಿ ಕೇಳುತ್ತವೆ. ನಾಗಾವಿಯಲ್ಲಿ ಭಿನ್ನ ಶಾಸ್ತ್ರಗಳ ವಿದ್ಯಾರ್ಥಿಗಳಿಗೆ ಆರು ಮಂದಿ ಭಂಡಾರಿಗರು ಸೇವೆ ಸಲ್ಲಿಸುತ್ತಿದ್ದರೆಂಬ ವಿವರ ಇಲ್ಲಿ ಮತ್ತೆ ಪ್ರಸ್ತುತವಾಗುತ್ತದೆ.

ಇದರ ಜೊತೆಗೆ ಭಾಷೆಯ ಪ್ರಶ್ನೆಯೂ ಬಾಕಿ ಇದೆ. ಮಸ್ಕಿಯನ್ನು ಕುರಿತ ಕೃಷ್ಣಶಾಸ್ತ್ರಿಗಳ ಸಂಪಾದನೆ, ಥಾಪರರ ವರದಿ, ಆಲ್ಚಿನ್ನನ ಮಹಾಪ್ರಬಂಧ ಮತ್ತು ಉತ್ಖನನದ ವರದಿ ಇವೆಲ್ಲ ಇಂಗ್ಲಿಷಿನಲ್ಲಿವೆ. ಹೈದರಾಬಾದಿನ ಭಾಷಾಂತರ ಕೇಂದ್ರ ಮೂರು ದಶಕಗಳಲ್ಲಿ ಉರ್ದುವಿಗೆ ಮಾಡಿದ ಸೇವೆಯ ಒಂದು ಅಂಶವನ್ನಾದರೂ ಈ ಭಾಗದ ಪ್ರಸಾರಾಂಗಗಳು ಕನ್ನಡಕ್ಕೆ ಮಾಡಿದರೆ, ಮಸ್ಕಿಯ ಕಾಲೇಜಿನ ವಿದ್ಯಾರ್ಥಿ ತನ್ನ ಊರಿನ ಬೆಟ್ಟದ ಚರಿತ್ರೆಯನ್ನು ತನ್ನ ಭಾಷೆಯಲ್ಲಿ, ಮೂಲ ಆಕರಗಳ ಸಹಿತ ಓದಬಲ್ಲನು. ಅಶೋಕನ ಆ ಲೇಖದ ತಿರುಳು ದೊಡ್ಡವರು ಮಾತ್ರವೇ ಶ್ರೇಯಸ್ಸನ್ನು ಹೊಂದಬಲ್ಲರೆಂದು ಎಣಿಸಬಾರದು, ಚಿಕ್ಕವರಿಗೂ ಪರಿಶ್ರಮದಿಂದ ಅದು ಸಾಧ್ಯ ಎಂಬುದು. ಶತಮಾನದ ಅವಧಿಯಲ್ಲಿ ನಾಲ್ಕು ವಿಶ್ವವಿದ್ಯಾಲಯಗಳ ವ್ಯಾಪ್ತಿಗೆ ಒಳಪಟ್ಟ ಈ ನಾಡು ಇದುವರೆಗೆ ಮುಖ್ಯವಾಗಿ ಸಂಶೋಧನೆಯ ವಸ್ತುವಾಗಿತ್ತು. ಸಂಶೋಧಕರನ್ನೂ ಕೊಡಲು ಅದು ಈಗ ಆರಂಭಿಸಿದೆ. ಅವರ ಪ್ರಶ್ನೆಗಳಿಗೆ ಬೇಕಾದ ಎಲ್ಲ ಶಾಸ್ತ್ರಗಳೂ ಒಂದು ಮೇಜಿನ ಸುತ್ತ ದೊರೆಯುವಂತೆ ಮಾಡುವುದು ಹತ್ತಿರ ಬಂದ ವಿಶ್ವವಿದ್ಯಾಲಯಗಳ ಮುಂದಿರುವ ಮೊದಲ ಕೆಲಸ.